ಬೆಳೆದ ಮಕ್ಕಳೂ ಹಿರಿಯರ ಮಾತೂ



“ಹುಡುಗ ಹೈಸ್ಕೂಲಿಗೆ ಹೋದಾಗಿಂದ ನಮ್ಮ ಮಾತು ಕೇಳವಲ್ಲರೀ, ಅಜ್ಜಾರ” ಎಂದು ತಂದೆತಾಯಿಗಳು ದೂರುತ್ತಾರೆ. ಯಾವ ಮಾತು ಕೇಳುವುದಿಲ್ಲವೆಂದು ಯಾರೂ ವಿಚಾರಿಸಿರುವುದಿಲ್ಲ. ಜುಗೂಳ ಕೃಷ್ಣೆಯ ದಂಡೆಯ ಊರು. ಹೊಳೆ ತುಂಬಿದಾಗ ನೀರಿಗಿಳಿಯಬೇಡವೆಂದರೆ, ಅದು ಹಿರಿಯರು ಹೇಳತಕ್ಕ ಮಾತೇ ಎಂದು ಹುಡುಗ ಒಪ್ಪುತ್ತಾನೆ. 2005ರ, 2019ರ ಮಹಾಪೂರದ ಸಂಗತಿ ಅವನ ಕಿವಿಗೂ ಬಿದ್ದಿದೆ. ಕಳಬೇಡ, ತಂಗಿಗೆ ಹೊಡೆಯಬೇಡ ಎಂದರೂ ಒಳಗೊಳಗೆ ಒಪ್ಪುತ್ತಾನೆ. ಸಿಡಿಯುವುದೆಲ್ಲಿ? ಕೂದಲು ಹೀಗೇಕೆ ಬಿಟ್ಟಿ, ಆ ಗೆಳೆಯನ ಸಂಗವೇಕೆ ಎಂದಾಗ.

ಅಮೆರಿಕದ ಮನಃಶಾಸ್ತ್ರಜ್ಞೆ ಜೂಡಿತ್ ಸ್ಮೆಟಾನಾ ಇದನ್ನೇ ಅಭ್ಯಾಸ ಮಾಡಿ 1988ರಲ್ಲಿ ಪ್ರಕಟಿಸಿದರು. ನೀತಿಯ ವಿಷಯದಲ್ಲಿ ತಂದೆತಾಯಿಗಳಿಗೆ ಅಧಿಕಾರವುಂಟೆಂದು ಮಕ್ಕಳು ಒಪ್ಪುತ್ತಾರೆ. ತಮ್ಮ ಸ್ವಂತದ್ದೆಂದು ತಿಳಿದ ವಿಷಯದಲ್ಲಿ ಒಪ್ಪುವುದಿಲ್ಲ. ಯಾವುದು ಸ್ವಂತದ್ದು ಎಂಬಲ್ಲಿಯೇ ಜಗಳ. ಮೊಬೈಲನ್ನೇ ನೋಡಿರಿ: ಮಗನಿಗೆ ಅದು ಗೆಳೆತನ, ತಂದೆಗೆ ಅದು ಮಗನ ಕ್ಷೇಮದ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ.

ಶಾಲೆಯಲ್ಲಿ ಲೆಕ್ಕ ಬೇರೆ. ಗುರುಗಳು ತರಗತಿ ನಡೆಸಬೇಕೆಂಬುದನ್ನು ಮಕ್ಕಳು ಅಲ್ಲಗಳೆಯುವುದಿಲ್ಲ. ಒಬ್ಬನಿಗೊಂದು ನ್ಯಾಯ, ಇನ್ನೊಬ್ಬನಿಗೊಂದು ನ್ಯಾಯ ಮಾಡಿದರೆ, ನಾಲ್ಕು ಜನರೆದುರು ಮಾನ ಕಳೆದರೆ ಸಹಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋದ ಮೇಲೆ ಶಿಸ್ತೂ ಹೋಯಿತೆನ್ನುವವರುಂಟು. ಬೆತ್ತದಿಂದ ಬರುತ್ತಿದ್ದುದು ಮೌನ. ಅದನ್ನೇ ಅವರು ಶಿಸ್ತೆಂದು ತಿಳಿದಿದ್ದರು.

ಬಸವಣ್ಣನವರ ಚರಿತ್ರೆಯನ್ನು ನೆನೆಯಿರಿ. ಹರಿಹರನ ರಗಳೆಯಲ್ಲಿ ಅವರು ಜನಿವಾರ ಹರಿದು ಊರು ಬಿಟ್ಟಾಗ ವಯಸ್ಸು 16. ಭೀಮಕವಿಯ ಪುರಾಣದಲ್ಲಿ 8ನೆಯ ವಯಸ್ಸಿಗೇ ಮುಂಜಿ ಒಲ್ಲೆನೆನ್ನುತ್ತಾರೆ. ವಯಸ್ಸಿನ ಚರ್ಚೆ ಪಂಡಿತರಿಗಿರಲಿ. ಹಿರಿಯರ ಆಜ್ಞೆಯನ್ನು ಒಲ್ಲದ ಆ ಹುಡುಗ ಹೋದದ್ದೆಲ್ಲಿಗೆ? ಸಂಗಮದ ಗುರುಗಳ ಬಳಿಗೆ. ಅಲ್ಲಿ ತಾನಾಗಿ ತಲೆಬಾಗಿದ. ಯಾರಿಗೂ ಬಾಗದ ಹಟ ಅದಾಗಿರಲಿಲ್ಲ.

ಇನ್ನು ಕಠಿಣವಾದ ಮಾತು. ಹತ್ತನೆಯ ಇಯತ್ತೆ ಮುಗಿಸಿದ ಮಗಳು ಮುಂದೆ ಕಲಿಯುತ್ತೇನೆಂದರೆ, “ಎದುರು ಮಾತಾಡ್ತೀಯೇನು?” ಎಂದು ಗದರಿ ಲಗ್ನದ ಮಾತೆತ್ತುವ ಮನೆಗಳಿವೆ. 18 ತುಂಬದ ಹುಡುಗಿಯ ಲಗ್ನವನ್ನು 2006ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ಒಲ್ಲೆನೆಂದವಳು ಉದ್ಧಟಳಲ್ಲ. ಗಡಿ ದಾಟಿದವರು ಹಿರಿಯರು. ಆದರೆ ಆ “ಒಲ್ಲೆ”ಯನ್ನು ಅವಳು ಬಾಯಿಬಿಟ್ಟು ಹೇಳಬಲ್ಲಳೇ? ಹಿಂದಿನ ನಾಲ್ಕಾರು ವರ್ಷ ಉಡುಪಿಗೆ, ಜಡೆಗೆ, ಗೆಳತಿಯರ ಮಾತಿಗೆ ಅವಳ ಬಾಯಿ ಎಷ್ಟು ಸಲ ಮುಚ್ಚಿಸಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ.