ಒಂದೇ ಪ್ರಾಣದ ರಾಜಕುಮಾರ

ಮೈಸೂರಿಗರಿಗೆ ಕಾಳಗದ ಕಥೆ ಹೊಸದಲ್ಲ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿಯ ಜಟ್ಟಿಯನ್ನು ಕೆಡಹಿದರೆಂಬ ಐತಿಹ್ಯವನ್ನು ಕೇಳಿ ಬೆಳೆದವರು ಇಲ್ಲಿ ಅನೇಕರು. ಈಗಿನ ಮಕ್ಕಳಾದರೋ ವಿಡಿಯೋ ಆಟದಲ್ಲಿ ತಾವೇ ಖಡ್ಗ ಹಿಡಿಯುತ್ತಾರೆ. ಅಂತಹ ಆಟಗಳು ಬೆಳ್ಳಿತೆರೆಗೂ ಏರಿವೆ. ಅವುಗಳ ಗುಣದೋಷಗಳನ್ನು ಅಳೆಯುವುದು ಹೇಗೆ?

‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನೇ ನೋಡೋಣ. ಅಮೆರಿಕದ ಜೋರ್ಡನ್ ಮೆಕ್ನರ್ 1989ರಲ್ಲಿ ಈ ಆಟವನ್ನು ರಚಿಸಿದಾಗ, ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ಚಿತ್ರ ತೆಗೆದು, ಒಂದೊಂದು ಭಂಗಿಯನ್ನೂ ಅದರಿಂದಲೇ ಬರೆದುಕೊಂಡನು. 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಆ ಪುಟ್ಟ ಬೊಂಬೆಯ ನಡಿಗೆಯಲ್ಲಿ ಮನುಷ್ಯನ ಭಾರವಿದ್ದುದರಿಂದಲೇ ಅದು ಬಿದ್ದಾಗ ಆಡುವವನ ಎದೆ ಝಲ್ಲೆನ್ನುತ್ತಿತ್ತು. 2003ರ ಆಟದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿಯೊಂದು ರಾಜಕುಮಾರನ ಕೈಸೇರಿತು. ಕಾಲು ಜಾರಿತೆ? ಕಠಾರಿಯ ಮರಳು ಇರುವವರೆಗೂ ಕ್ಷಣಕಾಲ ಹಿಂದೆ ಸರಿದು ಮತ್ತೆ ನೆಗೆಯಬಹುದು.

ಇದನ್ನು ಆಧರಿಸಿ ಮೈಕ್ ನ್ಯೂವೆಲ್ ನಿರ್ದೇಶಿಸಿದ ಚಿತ್ರವು 2010ರಲ್ಲಿ ತೆರೆಕಂಡಿತು. ನಾಯಕ ಜೇಕ್ ಜಿಲೆನ್‌ಹಾಲ್ ಗೋಡೆಯೇರುವ, ಮಾಳಿಗೆಯಿಂದ ಮಾಳಿಗೆಗೆ ಹಾರುವ ದೃಶ್ಯಗಳು ಸೊಗಸಾಗಿವೆ. ಇತಿಹಾಸವು ಮಾತ್ರ ಹೆಸರಿಗಷ್ಟೆ. ಇರಾನಿನ ಬೆಟ್ಟದ ಕೋಟೆಯಾದ ಅಲಮೂತ್ ಇಲ್ಲಿ ರಾಜಕುಮಾರಿಯೊಬ್ಬಳ ಪುಣ್ಯನಗರಿಯಾಗಿದೆ. ಇದನ್ನು ಕ್ಷಮಿಸಬಹುದು, ಕಟ್ಟುಕಥೆಗೆ ಅಷ್ಟು ಸ್ವಾತಂತ್ರ್ಯವುಂಟು. ಕ್ಷಮಿಸಲಾಗದುದು ಕೊನೆಯ ಭಾಗ. ಕಠಾರಿಯು ಕಾಲವನ್ನು ಹಿಂದಿರುಗಿಸುತ್ತಲೇ ಸತ್ತ ದೊರೆ ಬದುಕುತ್ತಾನೆ, ಮಡಿದ ಅಣ್ಣನೂ ಏಳುತ್ತಾನೆ. ಆಟದಲ್ಲಿ ಹಿಂದೆ ಸರಿಯುವುದು ನಮ್ಮ ತಪ್ಪನ್ನು ನಾವೇ ತಿದ್ದಿಕೊಳ್ಳುವ ಸುಖ. ಚಿತ್ರದಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ, ಇರುವುದು ಮರುಕವೊಂದೇ. ಸಾವುಗಳನ್ನೆಲ್ಲ ಅಳಿಸಿಬಿಟ್ಟರೆ ಆ ಮರುಕವೂ ವ್ಯರ್ಥವಾಗುತ್ತದೆ.

ಇದಕ್ಕೆ ಪಕ್ಕದಲ್ಲಿ 1960ರ ‘ರಣಧೀರ ಕಂಠೀರವ’ವನ್ನಿಟ್ಟು ನೋಡಿ. ಕನ್ನಡ ಕಲಾವಿದರೇ ಕೂಡಿ ನಿರ್ಮಿಸಿ, ಎನ್. ಸಿ. ರಾಜನ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕುಮಾರ್ ಅವರೇ ಕಂಠೀರವರು. ಕಂಠೀರಾಯ ಹಣವನ್ನು ಟಂಕಿಸಿದ ಆ ದೊರೆ ಗೆಲ್ಲುವರೆಂಬುದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಆದರೂ ಕಥೆ ಹಿಡಿದಿಡುತ್ತದೆ. ಏಕೆಂದರೆ ಆ ವೀರನಿಗೆ ಇದ್ದುದು ಒಂದೇ ಪ್ರಾಣ. ಸೋತರೆ ಮತ್ತೊಮ್ಮೆ ಆಡುವಂತಿಲ್ಲ. ದಸರಾ ಕುಸ್ತಿಯ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಕಿದ ಪೈಲ್ವಾನನಿಗೂ ಆ ಕ್ಷಣವು ಹಿಂದಿರುಗುವುದಿಲ್ಲ.

ಆಟದಿಂದ ಹುಟ್ಟಿದ ಚಿತ್ರಕ್ಕೆ ಇದೇ ಒರೆಗಲ್ಲು. ವೇಷಭೂಷಣ, ಕೋಟೆಕೊತ್ತಲ, ಕತ್ತಿವರಸೆಗಳು ಆಟವನ್ನು ಹೋಲಿದರೆ ಸಾಲದು. ನಮ್ಮ ಕೈಯಿಂದ ಖಡ್ಗವನ್ನು ಕಸಿದುಕೊಂಡ ಮೇಲೆ, ಅದನ್ನು ಹಿಡಿದವನ ಭಯವನ್ನು ನಮಗೆ ಕೊಡಬೇಕು. ‘ಪ್ರಿನ್ಸ್ ಆಫ್ ಪರ್ಷಿಯಾ’ ಮಕ್ಕಳೊಡನೆ ಕುಳಿತು ಒಮ್ಮೆ ನೋಡಬಹುದಾದ ಚಿತ್ರ. ಕಣ್ಣು ತಣಿಯುತ್ತದೆ, ಎದೆ ನಡುಗುವುದಿಲ್ಲ.