ಬೆನ್ನುವಿನ ಉಪ್ಪು

ಸಿಂಧನೂರಿನ ಬಯಲಿನಲ್ಲಿ ನಮ್ಮ ಮನೆತನದ್ದೊಂದು ಎರೆಹೊಲವಿದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳ ಹೋಗಿ ಭತ್ತ ಬಂದಿತು. ಕಾಲಕ್ರಮದಲ್ಲಿ ಹೊಲದ ತಗ್ಗು ಸವುಳಾಯಿತು. ನೆಲದಡಿಯ ಉಪ್ಪನ್ನು ಕರಗಿಸಿಕೊಂಡು ಮೇಲೇರಿದ ನೀರು ಬಿಸಿಲಿಗೆ ಆರಿ, ಉಪ್ಪನ್ನಷ್ಟೇ ಬಿಟ್ಟುಹೋಗುತ್ತದೆ. ಆ ಬಿಳಿಯ ಪದರವನ್ನು ಕಂಡು ನನ್ನ ತಂದೆಯವರು ಮಾತಿಲ್ಲದೆ ನಿಂತುಬಿಡುತ್ತಿದ್ದರು. ಇದೇ ಬಗೆಯಲ್ಲಿ ನೀರಾರಿ ಉಳಿದ ಉಪ್ಪು ಆಕಾಶದ ಕಲ್ಲೊಂದರಲ್ಲಿ ದೊರೆತಿದೆಯೆಂದು 2025ರ ಜನವರಿಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಆ ಮೌನ.

ಆ ಕಲ್ಲಿನ ಹೆಸರು ಬೆನ್ನು. ನಗಬೇಡಿ, ಇದು ನಮ್ಮ ಬೆನ್ನಲ್ಲ. ಪ್ರಾಚೀನ ಈಜಿಪ್ತಿನವರ ಒಂದು ಪೂಜ್ಯ ಪಕ್ಷಿ. 1999ರಲ್ಲಿ ಕಣ್ಣಿಗೆ ಬಿದ್ದ ಈ ಕ್ಷುದ್ರಗ್ರಹದ ಅಡ್ಡಳತೆ ಸುಮಾರು ಅರ್ಧ ಕಿಲೋಮೀಟರು. ಇದರ ಬಂಧುಗಳಲ್ಲಿ ಹೆಚ್ಚಿನವು ಮಂಗಳ ಗುರುಗಳ ನಡುವೆ ಸುತ್ತುತ್ತಿದ್ದರೆ, ಇದು ಭೂಮಿಯ ನೆರೆಯಲ್ಲೇ 437 ದಿನಗಳಿಗೊಮ್ಮೆ ಸೂರ್ಯನನ್ನು ಬಳಸಿ, ಆರು ವರ್ಷಗಳಿಗೊಮ್ಮೆ ನಮ್ಮ ಸಮೀಪಕ್ಕೆ ಬರುತ್ತದೆ. ಬಿಸಿಲಿಗೆ ಕಾದ ಇದರ ಮೈ ಕಾವನ್ನು ಹೊರಚೆಲ್ಲುವಾಗ ಉಂಟಾಗುವ ಅತಿ ಸಣ್ಣ ನೂಕಿನಿಂದಲೇ ಇದರ ಪಥ ವರ್ಷಕ್ಕೆ 284 ಮೀಟರು ಸರಿಯುತ್ತದೆ. ಇಷ್ಟನ್ನೂ ಲೆಕ್ಕಕ್ಕೆ ಹಿಡಿದ ಖಗೋಳಜ್ಞರು 2182ರ ಸೆಪ್ಟೆಂಬರ್ 24ರಂದು ಅದು ಭೂಮಿಗೆ ಬಡಿಯುವ ಸಂಭವ 2,700ರಲ್ಲಿ ಒಂದು ಎನ್ನುತ್ತಾರೆ.

ನೋಡಲು ಬೆಟ್ಟ, ವಾಸ್ತವದಲ್ಲಿ ಸಡಿಲ ಕಲ್ಲುರಾಶಿ. ಒಡೆದುಹೋದ ದೊಡ್ಡದೊಂದು ಕಾಯದ ಚೂರುಗಳು ಮತ್ತೆ ಒಟ್ಟುಗೂಡಿ ಆದದ್ದು. ಅಮೆರಿಕದ ನೌಕೆಯೊಂದು 2020ರಲ್ಲಿ ಅದನ್ನು ಮುಟ್ಟಿ, ಬಾಚಿದ ಧೂಳನ್ನು 2023ರಲ್ಲಿ ಭೂಮಿಗೆ ತಲುಪಿಸಿತು: 121.6 ಗ್ರಾಂ, ಹತ್ತು ತೊಲಕ್ಕಿಂತ ತುಸು ಹೆಚ್ಚು.

ಇಷ್ಟು ಧೂಳಿಗಾಗಿ ಅಷ್ಟು ದೂರವೇಕೆ? ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಎರಡು ಸಾವಿರ ವರ್ಷ ಕಾಪಾಡಿ, 1915ರಲ್ಲಿ ನಮಗೆ ಒಪ್ಪಿಸಿತು. ಆದರೆ ಮಸ್ಕಿಯಿಂದ ಲಿಂಗಸುಗೂರು ಸೀಮೆಯ ಹಟ್ಟಿಯವರೆಗೆ ಹಬ್ಬಿದ, ಚಿನ್ನ ಹೊತ್ತ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವಾದರೂ ಭೂಗರ್ಭದಲ್ಲಿ ಬೆಂದು, ಮಡಿಸಿ ತಮ್ಮ ಮೊದಲ ರೂಪವನ್ನು ಕಳೆದುಕೊಂಡಿವೆ. ಬೆನ್ನುವಿನ ಕಲ್ಲು ಹಾಗೆ ಕರಗಿದ್ದಲ್ಲ. ಸುಮಾರು 450 ಕೋಟಿ ವರ್ಷಗಳ ಹಿಂದೆ ಅದರ ಮೂಲಕಾಯದಲ್ಲಿದ್ದ ನೀರಿನ ಗುರುತು ಅದರ ಜೇಡಿಯಲ್ಲಿ ಇನ್ನೂ ಇದೆ. ಆ ನೀರು ಇಂಗಿ ಉಳಿದವುಗಳಲ್ಲಿ ಅಡುಗೆಯ ಉಪ್ಪೂ ಇದೆ, ಮಡಿವಾಳರು ಬಟ್ಟೆಗೆ ಬಳಸುತ್ತಿದ್ದ ಸವುಳುಮಣ್ಣಿನ ಕ್ಷಾರವೂ ಇದೆ. ಜೊತೆಗೆ, ಜೀವಿಗಳು ಬಳಸುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಹದಿನಾಲ್ಕು. ಇದನ್ನೇ ಜೀವವೆಂದು ಸಾರುವ ಅವಸರ ನನಗೆ ಒಪ್ಪಿತವಲ್ಲ. ಅಕ್ಷರಗಳು ದೊರೆತಿವೆ, ವಾಕ್ಯವಲ್ಲ. ನಮ್ಮ ಹೊಲದಲ್ಲಿ ಬೆಳೆಯನ್ನು ಕೊಂದ ಉಪ್ಪುನೀರೇ ಅಲ್ಲಿ ಆ ಅಕ್ಷರಗಳು ಕೂಡಲು ನೆರವಾಗಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ತಂದ ಧೂಳಿನಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನಾದರೂ ತೆಗೆಯದೆ, ಮುಂದೆ ಹುಟ್ಟಿಬರುವ ವಿದ್ವಾಂಸರಿಗಾಗಿ ಕಾಯ್ದಿರಿಸಿದ್ದಾರೆ.