ನಮ್ಮ ಊರುಗಳ ಕುಡಿಯುವ ನೀರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಗುರುಗಳ ಬಗೆಗೆ, ನಾಟಕ ಕ್ರೀಡೆಗಳ ಬಗೆಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಹಲವರಿದ್ದಾರೆ. ನನಗೆ ಮೊದಲು ನೆನಪಾಗುವುದು ಶಾಲೆಯ ಪಡಸಾಲೆಯ ಮೂಲೆಯಲ್ಲಿದ್ದ ಮಣ್ಣಿನ ಹರವಿ. ಸರದಿಯ ಮೇಲೆ ನಾವು ಬಾವಿಯಿಂದ ನೀರು ಸೇದಿ ತಂದು, ಅರಿವೆಯಲ್ಲಿ ಸೋಸಿ ಅದನ್ನು ತುಂಬುತ್ತಿದ್ದೆವು. ಸೋಸಿದ ನೀರೆಂದರೆ ಶುದ್ಧ ನೀರೆಂದೇ ನಮ್ಮ ತಿಳಿವಳಿಕೆ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ, ಮಳೆಗಾಲದ ಆರಂಭದಲ್ಲಿ, ನನ್ನ ತಮ್ಮ ವಾಂತಿಭೇದಿಯಿಂದ ಎರಡೇ ದಿನಗಳಲ್ಲಿ ತೀರಿಕೊಂಡ. ನಮ್ಮ ಮನೆಯ ಬಾವಿಯ ನೀರು ಆಗಲೂ ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ಮುಂದೆ ನೀರು ಶುದ್ಧೀಕರಣದ ಪ್ರಯೋಗಾಲಯದಲ್ಲಿ ನೌಕರಿಗೆ ಸೇರಲು ಇದೇ ಕಾರಣವಾಯಿತೇ ಎಂದು ಹೇಳಲಾರೆ. ಆದರೆ ಆ ಬಾವಿಯನ್ನು ಮರೆತ ದಿನವಿಲ್ಲ.

ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಿಂದ ಆಡಳಿತದ ಗಡಿ ಬದಲಾಯಿತು, ನದಿಗಳ ದಾರಿ ಬದಲಾಗಲಿಲ್ಲ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಂಜೀರಾ ಲಾತೂರು, ಬೀದರಗಳನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ತಾಂಡೂರಿನ ಬಳಿ ಹರಿಯುವ ಕಾಗಿಣಾ ಸೇಡಂ, ಮಳಖೇಡಗಳ ಮಾರ್ಗವಾಗಿ ಹೋಗಿ ಭೀಮೆಯನ್ನು ಸೇರುತ್ತದೆ. ರಾಷ್ಟ್ರಕೂಟರ ರಾಜಧಾನಿ ಕುಡಿದ ನೀರನ್ನೇ ತಾಂಡೂರಿನ ಜನರೂ ಕುಡಿದವರು ಎಂದು ಸ್ವಲ್ಪ ಹೆಮ್ಮೆಪಟ್ಟುಕೊಂಡರೆ ತಪ್ಪಾಗಲಾರದು.

ಮಂಜೀರಾ ನದಿಗೆ ಅಡ್ಡಲಾಗಿ ಕಟ್ಟಿದ ಸಿಂಗೂರು ಜಲಾಶಯದ ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅದರ ಮುಖ್ಯ ಉದ್ದೇಶ ಹೈದರಾಬಾದ್ ನಗರಕ್ಕೆ ನೀರು ಕೊಡುವುದಾಗಿತ್ತು. ಹಿನ್ನೀರಿನ ಅಂಚಿನ ಹಳ್ಳಿಗಳವರು ತಮ್ಮ ಹೊಲಗಳನ್ನು ಮುಳುಗಿಸಿದ ನೀರು ದೂರದ ನಗರಕ್ಕೆ ಹೋಗುವುದನ್ನು ನೋಡುತ್ತ, ಬಹುಕಾಲ ಕೊಳವೆಬಾವಿಗಳನ್ನೇ ನಂಬಿಕೊಂಡಿದ್ದರು. 2016ರಲ್ಲಿ ಉದ್ಘಾಟನೆಗೊಂಡ ಮಿಷನ್ ಭಗೀರಥ ಯೋಜನೆಯಿಂದ ಸಿಂಗೂರಿನ ನೀರು ಜಹೀರಾಬಾದ್, ನಾರಾಯಣಖೇಡಗಳ ಕಡೆಗೂ ವ್ಯಾಪಕವಾಗಿ ಹರಿಯತೊಡಗಿತು. ಒಬ್ಬೊಬ್ಬರಿಗೆ ದಿನಕ್ಕೆ ಗ್ರಾಮಗಳಲ್ಲಿ 100 ಲೀಟರು, ಪುರಸಭೆಗಳಲ್ಲಿ 135 ಲೀಟರು ಎಂಬುದು ಆ ಯೋಜನೆಯ ಗುರಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸಿಂಗೂರಿನ ಪೂರ್ಣ ಜಲಮಟ್ಟ ಸಮುದ್ರಮಟ್ಟದಿಂದ ಸುಮಾರು 523 ಮೀಟರ್. ಜಹೀರಾಬಾದ್ ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ ಸುಮಾರು 620 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮ ಕೊಡಕ್ಕೆ ಬೀಳುವ ಒಂದೊಂದು ಹನಿಯೂ ಹೆಚ್ಚುಕಡಿಮೆ ನೂರು ಮೀಟರ್ ಮೇಲೇರಿ ಬಂದದ್ದು. ವಿದ್ಯುತ್ತು ನಿಂತರೆ ನೀರೂ ನಿಲ್ಲುವುದೇಕೆಂಬುದು ಇದರಿಂದ ತಿಳಿಯುತ್ತದೆ. ನದಿಯೇ ಬತ್ತಿದರೆ ಪಂಪುಗಳು ಏನೂ ಮಾಡಲಾರವು. 2016ರ ಬೇಸಿಗೆಯಲ್ಲಿ ಇದೇ ಮಂಜೀರಾ ತೀರದ ಜಿಲ್ಲೆಯಾದ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಸಿಂಗೂರು ಕೂಡ ಆಗ ಬರಿದಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ ಮಳೆಗೆ ಮತ್ತೆ ತುಂಬಿತು.

ಜಲಾಶಯದ ನೀರು ಕುಡಿಯುವ ನೀರಾಗುವ ಬಗೆ ಹೀಗೆ. ಮೊದಲು ಅದನ್ನು ಮೆಟ್ಟಿಲುಗಳ ಮೇಲಿಂದ ಧುಮುಕಿಸಿ ಗಾಳಿಯೊಡನೆ ಬೆರೆಸುತ್ತಾರೆ. ಬಳಿಕ ಪಟಿಕದ ದ್ರಾವಣ ಸೇರಿಸುತ್ತಾರೆ. ಎಷ್ಟು ಹೊತ್ತು ಬಿಟ್ಟರೂ ತಳಕ್ಕಿಳಿಯದ ಸೂಕ್ಷ್ಮ ಮಣ್ಣಿನ ಕಣಗಳು ಇದರಿಂದ ಒಂದಕ್ಕೊಂದು ಅಂಟಿ, ಹತ್ತಿಯ ಎಳೆಗಳಂತಾಗಿ ಕೆಳಗೆ ಕೂಡುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ತೇಯ್ದು ಹಾಕಿ ಬಗ್ಗಡದ ನೀರನ್ನು ತಿಳಿಗೊಳಿಸುತ್ತಿದ್ದುದೂ ಇದೇ ಉಪಾಯದಿಂದ. ಅನಂತರ ನೀರು ಮರಳಿನ ಹಾಸಿನ ಮೂಲಕ ಸೋಸಿ ಇಳಿಯುತ್ತದೆ. ಇಷ್ಟಾದರೂ ರೋಗಾಣುಗಳು ಪೂರ್ತಿ ಹೋಗಿರುವುದಿಲ್ಲ. ಅವನ್ನು ಕೊಲ್ಲುವುದು ಕೊನೆಯಲ್ಲಿ ಸೇರಿಸುವ ಕ್ಲೋರಿನ್. ಅದಕ್ಕೂ ಅರ್ಧ ಗಂಟೆಯ ಕಾಲಾವಕಾಶ ಬೇಕು. ನೀರು ಬಗ್ಗಡವಾಗಿದ್ದರೆ ರೋಗಾಣುಗಳು ಕಣಗಳ ಮರೆಯಲ್ಲಿ ಅಡಗಿ ಉಳಿಯುತ್ತವೆ. ಆದುದರಿಂದಲೇ ತಿಳಿಗೊಳಿಸುವುದು ಮೊದಲು, ಕ್ಲೋರಿನ್ ಬೆರೆಸುವುದು ಆಮೇಲೆ.

ಮನೆಯ ನಳದಲ್ಲಿ ಬೀಳುವಾಗಲೂ ಲೀಟರಿಗೆ 0.2 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ನೀರಿಗೆ ಔಷಧದ ವಾಸನೆ ಬರುತ್ತದೆಂದು ದೂರುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಆ ಸಣ್ಣ ವಾಸನೆ ನೀರಿಗೆ ಕಾವಲು ಇದೆಯೆಂಬುದರ ಗುರುತು. ಕಾವಲು ಏಕೆಂದರೆ, ಅಪಾಯ ಹೆಚ್ಚಾಗಿರುವುದು ಶುದ್ಧೀಕರಣ ಕೇಂದ್ರದಲ್ಲಲ್ಲ, ಅಲ್ಲಿಂದ ಮನೆಯವರೆಗಿನ ಕೊಳವೆಯಲ್ಲಿ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಒಂದೇ ಓಣಿಯ ಮಕ್ಕಳು ಸಾಲಾಗಿ ಕಾಮಾಲೆಗೆ ಬಿದ್ದರು. ಕೇಂದ್ರದ ನೀರಿನಲ್ಲಿ ದೋಷವಿರಲಿಲ್ಲ. ಅಗೆದು ನೋಡಿದರೆ ಚರಂಡಿಯೊಳಗಿಂದ ಹಾದುಹೋದ ಮನೆಯ ಕೊಳವೆಯೊಂದರ ಕೀಲು ಸಡಿಲಾಗಿತ್ತು. ನೀರು ಬಿಟ್ಟಾಗ ಅದು ಹೊರಕ್ಕೆ ಸೋರುತ್ತಿತ್ತು. ನೀರು ನಿಂತು ಕೊಳವೆ ಬರಿದಾದಾಗ ಚರಂಡಿಯ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲೆಲ್ಲ ಈ ಅಪಾಯವಿದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವವರು ಅದನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಇದು ಕೆಲವು ಬಂಧುಗಳಿಗೆ ಹಿಡಿಸದ ಮಾತು, ಆದರೂ ಬರೆಯದಿರಲಾರೆ.

ತಾಂಡೂರಿನ ಕಥೆಯೇ ಬೇರೆ. ಅಲ್ಲಿ ಬಹುಕಾಲದ ಆಸರೆ ಕಾಗಿಣಾ. ನದಿಯ ಮರಳು ತಾನೇ ಒಂದು ಶೋಧಕ. ಮೇಲೆ ಹರಿವು ನಿಂತರೂ ಒಡಲಿನಲ್ಲಿ ನೀರನ್ನು ಹಿಡಿದಿಡುತ್ತದೆ. ಮರಳನ್ನು ಲಾರಿಗಟ್ಟಲೆ ಹೊತ್ತೊಯ್ದರೆ ಈ ಎರಡೂ ಉಪಕಾರಗಳು ತಪ್ಪುತ್ತವೆ. ಇನ್ನು ಕೊಳವೆಬಾವಿಗಳೆಂದರೆ, ಅಲ್ಲಿನ ನೆಲ ಪ್ರಸಿದ್ಧ ತಾಂಡೂರು ಕಲ್ಲಿನದು, ಅಂದರೆ ಸುಣ್ಣಕಲ್ಲಿನದು. ಆ ನೀರು ಗಡಸು. ಹಂಡೆಯ ಒಳಗೆ ಬಿಳಿಯ ಪದರ ಕಟ್ಟುತ್ತದೆ, ಸಾಬೂನು ನೊರೆಯೇಳುವುದಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು, ಅದರ ಬೇಳೆ ಬೇಗ ಬೇಯುವುದಕ್ಕೆ ಹೆಸರಾದದ್ದು. ಗಡಸು ನೀರಿನಲ್ಲಿ ಅಂಥ ಬೇಳೆಯೂ ಸತಾಯಿಸುತ್ತದೆ. ನೀರಿನ ಸುಣ್ಣದ ಅಂಶ ಕಾಳಿನ ಕಣಗಳನ್ನು ಬಿಗಿಮಾಡುವುದೇ ಕಾರಣ. ಬೇಳೆಗೆಂದೇ ಹೊಳೆಯ ನೀರು ತರುತ್ತಿದ್ದ ತಾಯಂದಿರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಈಗ ಎಲ್ಲೆಡೆ ಇಪ್ಪತ್ತು ಲೀಟರಿನ ಕ್ಯಾನುಗಳ ಕಾಲ. ಆರ್.ಓ. ಯಂತ್ರ ಗಡಸುತನವನ್ನೂ ಫ್ಲೋರೈಡನ್ನೂ ತೆಗೆಯುತ್ತದೆಂಬುದು ನಿಜ. ಆದರೆ ಬಹಳಷ್ಟು ನೀರನ್ನು ಹೊರಚೆಲ್ಲುತ್ತದೆ, ಕ್ಲೋರಿನ್ನನ್ನೂ ಉಳಿಸುವುದಿಲ್ಲ. ತೊಳೆಯದ ಕ್ಯಾನಿಗೆ ತುಂಬಿದ ಆ ನೀರಿಗೆ ಕಾವಲೇ ಇಲ್ಲ. ಅನುಮಾನವಿದ್ದ ದಿನ ನೀರನ್ನು ಕುದಿಸಿ ಆರಿಸಿ ಮುಚ್ಚಿಡುವುದಕ್ಕಿಂತ ಸುಲಭವಾದ ದಾರಿ ನನಗೆ ತಿಳಿಯದು.

ಕಳೆದ ವರ್ಷ ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಎಂಟನೆಯ ತರಗತಿಯ ಮಕ್ಕಳಿಗೆ ಕ್ಲೋರಿನ್ ಪರೀಕ್ಷೆಯನ್ನು ಮಾಡಿ ತೋರಿಸಿದೆ. ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬಿಟ್ಟರೆ, ಕ್ಲೋರಿನ್ ಇದ್ದಲ್ಲಿ ಬಣ್ಣ ಹಳದಿಗೆ ತಿರುಗುತ್ತದೆ. ಹೊಸ್ತಿಲ ಬಳಿಯ ನಳದ ನೀರು ಹಳದಿಯಾಯಿತು. ಮಾಳಿಗೆಯ ಮೇಲಿನ ತೊಟ್ಟಿಯ ನೀರು ಆಗಲಿಲ್ಲ. "ಸರ್, ಇದು ಇನ್ನೂ ತಿಳಿ ಐತಲ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು. ನಾನು ನಮ್ಮ ಮನೆಯ ಬಾವಿಯ ಕಥೆಯನ್ನು ಹೇಳಿದೆ. ಮರುದಿನವೇ ತೊಟ್ಟಿಯನ್ನು ಬರಿದುಮಾಡಿ, ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಿಂದ ಶುಚಿಗೊಳಿಸಲಾಯಿತು.